ಮೇಲೇರುವ ಹುಳಿ

ಊಟವಾದ ಮೇಲೆ ಎದೆಯ ನಡುವೆ ಏಳುವ ಉರಿಯನ್ನೂ, ಗಂಟಲಿನವರೆಗೆ ಬಂದು ಬಾಯನ್ನು ಹುಳಿಯಾಗಿಸುವ ತೇಗನ್ನೂ, ಹೊಟ್ಟೆಯುಬ್ಬರವನ್ನೂ, ಕೆಲವೊಮ್ಮೆ ಬೆನ್ನುನೋವನ್ನೂ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ರೂಢಿ ಕರ್ನಾಟಕದಲ್ಲಿ ಎಷ್ಟು ಬೇರೂರಿದೆಯೆಂದರೆ, ಈ ತೊಂದರೆಗಳಿಗೆ ಬೇರೆ ಬೇರೆ ಕಾರಣಗಳಿರಬಹುದು ಎಂಬುದೇ ಮರೆತುಹೋಗುತ್ತದೆ. ಇವುಗಳಲ್ಲಿ ಮೊದಲಿನ ಎರಡು, ಅಂದರೆ ಎದೆಯುರಿ ಮತ್ತು ಹುಳಿತೇಗು, ಜಠರದ ಆಮ್ಲ ತನ್ನ ಎಲ್ಲೆ ಮೀರಿ ಅನ್ನನಾಳಕ್ಕೆ ಏರಿದ್ದರ ಲಕ್ಷಣಗಳು. ಇದನ್ನು ವೈದ್ಯರು ಆಮ್ಲ ಹಿಮ್ಮುಖ ಹರಿವು ಅಥವಾ ಆಸಿಡ್ ರಿಫ್ಲಕ್ಸ್ ಎನ್ನುತ್ತಾರೆ. ಆಯುರ್ವೇದಕ್ಕೆ ಇದು ಹೊಸದಲ್ಲ: ಮಾಧವನಿದಾನ ಎಂಬ ಗ್ರಂಥವು ಆಮ್ಲಪಿತ್ತವನ್ನು ಊರ್ಧ್ವಗ, ಅಧೋಗ ಎಂದು, ಅಂದರೆ ಮೇಲಕ್ಕೇರುವುದು ಮತ್ತು ಕೆಳಕ್ಕಿಳಿಯುವುದು ಎಂದು, ಎರಡು ಬಗೆಯಾಗಿ ವಿಂಗಡಿಸಿದೆ. ಮೇಲಕ್ಕೇರುವುದು ಎಂಬ ಆ ಗುರುತು ಮುಖ್ಯವಾದದ್ದು, ಏಕೆಂದರೆ ಎದೆಯುರಿಯಲ್ಲಿ ಬಹುಪಾಲು ಜನರ ತೊಂದರೆ ಆಮ್ಲ ಹೆಚ್ಚಾಗಿರುವುದಲ್ಲ, ಅದು ಇರಬಾರದ ಜಾಗಕ್ಕೆ ಬಂದಿರುವುದು.

ಜಠರದಲ್ಲಿ ಸ್ರವಿಸುವ ಹೈಡ್ರೋಕ್ಲೋರಿಕ್ ಆಮ್ಲ ಬಹಳ ತೀಕ್ಷ್ಣವಾದದ್ದಾದರೂ, ಜಠರದ ಒಳಗೋಡೆಗೆ ಲೋಳೆಯ ದಪ್ಪ ಹೊದಿಕೆಯಿರುವುದರಿಂದ ಅದಕ್ಕೆ ಹಾನಿಯಾಗುವುದಿಲ್ಲ. ಅನ್ನನಾಳಕ್ಕೆ ಅಂಥ ಹೊದಿಕೆಯಿಲ್ಲ. ಇವೆರಡೂ ಕೂಡುವಲ್ಲಿ ಮೂರು ನಾಲ್ಕು ಸೆಂಟಿಮೀಟರ್ ಉದ್ದದ, ಬಳೆಯಂತೆ ಸುತ್ತುವರಿದ ಸ್ನಾಯುವಿನ ಕಟ್ಟು ಒಂದಿದ್ದು, ಎದೆಗೂಡನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆ ಎಂಬ ಸ್ನಾಯುವಿನ ನೆರವಿನಿಂದ ಅದು ಬಾಗಿಲಿನಂತೆ ಕೆಲಸ ಮಾಡುತ್ತದೆ. ನುಂಗಿದಾಗ ತೆರೆದು ಕೂಡಲೇ ಮುಚ್ಚಿಕೊಳ್ಳಬೇಕಾದ ಈ ಬಾಗಿಲು, ನುಂಗದೆ ಇರುವಾಗಲೂ ಆಗಾಗ ಹತ್ತು ಸೆಕೆಂಡಿಗೂ ಹೆಚ್ಚು ಕಾಲ ಸಡಿಲಗೊಳ್ಳುತ್ತದೆ ಎಂಬುದು 1980ರ ದಶಕದ ಆರಂಭದ ಅಧ್ಯಯನಗಳಿಂದ ಸ್ಪಷ್ಟವಾಯಿತು. ಹೊಟ್ಟೆಯ ಗಾಳಿಯನ್ನು ತೇಗಿನ ಮೂಲಕ ಹೊರಹಾಕಲು ದೇಹ ಮಾಡಿಕೊಂಡ ವ್ಯವಸ್ಥೆ ಇದು. ಆದರೆ ಜಠರದ ಮೇಲ್ಭಾಗ ಹಿಗ್ಗಿದಷ್ಟೂ ಈ ಸಡಿಲಿಕೆ ಪದೇ ಪದೇ ಆಗುತ್ತದೆ ಮತ್ತು ಗಾಳಿಯ ಜೊತೆಗೆ ಆಮ್ಲವೂ ಮೇಲೇರುತ್ತದೆ. ಹೀಗಾಗಿ ಯಾವುದನ್ನು ತಿಂದದ್ದು ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಒಂದೇ ಬಾರಿಗೆ ಎಷ್ಟು ತಿಂದದ್ದು ಎಂಬುದು.

ಉಂಡ ಅನ್ನ ಆಮ್ಲವನ್ನು ತಣಿಸಬೇಕಲ್ಲವೇ, ಊಟವಾದ ಮೇಲೆಯೇ ಉರಿ ಏಕೆ ಏಳಬೇಕು ಎಂಬ ಸಂದೇಹ ಸಹಜವಾದದ್ದು. ಗ್ಲಾಸ್ಗೋದ ಸಂಶೋಧಕರು 2001ರಲ್ಲಿ ಇದಕ್ಕೆ ಉತ್ತರ ಕಂಡುಕೊಂಡರು: ಊಟದ ನಂತರ ಹೊಸದಾಗಿ ಸ್ರವಿಸಿದ ಆಮ್ಲವು ಆಹಾರದೊಡನೆ ಪೂರ್ತಿ ಬೆರೆಯದೆ, ಅದರ ಮೇಲೆ ಪದರವಾಗಿ, ಬಾಗಿಲಿನ ಸಮೀಪದಲ್ಲೇ ನಿಲ್ಲುತ್ತದೆ. ಉಂಡು ಕೂಡಲೇ ಮಲಗುವವರಲ್ಲಿ ಈ ಪದರ ಅನ್ನನಾಳಕ್ಕೆ ಹರಿಯುವುದು ಸುಲಭ. ಅದನ್ನು ತೊಳೆಯುವ ಲಾಲಾರಸ ನಿದ್ದೆಯಲ್ಲಿ ಕಡಿಮೆಯಾಗುವುದರಿಂದ ಮತ್ತು ನುಂಗುವ ಕ್ರಿಯೆಯೂ ವಿರಳವಾಗುವುದರಿಂದ ಏರಿದ ಆಮ್ಲ ಅಲ್ಲಿಯೇ ಬಹಳ ಹೊತ್ತು ಉಳಿಯುತ್ತದೆ. ಕರಿದ ತಿಂಡಿ, ಗಟ್ಟಿ ಮಸಾಲೆಯ ಮಾಂಸದೂಟ, ತುಪ್ಪ ಸುರಿದ ಹೋಳಿಗೆ ಮುಂತಾದ ಜಿಡ್ಡಿನ ಪದಾರ್ಥಗಳು ಜಠರದಿಂದ ಕೆಳಗಿಳಿಯಲು ಹೆಚ್ಚು ಸಮಯ ತೆಗೆದುಕೊಳ್ಳುವುದರಿಂದ ಈ ತೊಂದರೆಯ ಅವಧಿಯನ್ನು ಇನ್ನಷ್ಟು ಉದ್ದವಾಗಿಸುತ್ತವೆ.

ಖಾರದ ವಿಷಯ ಬೇರೆ, ಮತ್ತು ಕೌತುಕದ್ದು. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಂಬ ವಸ್ತು ನರತುದಿಗಳ ಮೇಲಿರುವ ಟಿಆರ್‌ಪಿವಿ1 ಎಂಬ ಗ್ರಾಹಕವನ್ನು ತಟ್ಟಿ ಉರಿಯ ಅನುಭವ ಕೊಡುತ್ತದೆ. 1997ರಲ್ಲಿ ಈ ಗ್ರಾಹಕವನ್ನು ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು. ಇದೇ ಗ್ರಾಹಕ ಸುಡುವ ಬಿಸಿಗೂ ಆಮ್ಲಕ್ಕೂ ಸ್ಪಂದಿಸುತ್ತದೆ ಮತ್ತು ಅನ್ನನಾಳದ ನರಗಳಲ್ಲಿಯೂ ಇದೆ. ಎಂದರೆ, ಆಮ್ಲ ಒಂದಿಷ್ಟೂ ಹೆಚ್ಚು ಏರದಿದ್ದರೂ, ಮೊದಲೇ ಕೆರಳಿರುವ ಅನ್ನನಾಳದವರಿಗೆ ಖಾರದ ಸಾರು ಉರಿಯನ್ನು ಹೆಚ್ಚಿಸಬಲ್ಲದು. ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ಬ್ಯಾಡಗಿ ಮೆಣಸಿನಕಾಯಿಗೆ ಹೊಂದಿಕೊಂಡವರು, ಗುಂಟೂರಿನ ಖಾರದ ಪುಡಿ ಬೆರೆತ ಹೋಟೆಲ್ ಊಟ ತಮಗೆ ಆಗದು ಎನ್ನುವುದರಲ್ಲಿ ಸತ್ಯವಿರಬಹುದು.

ಹುಳಿಯ ಮೇಲೆ ಹೊರಿಸುವ ಅಪವಾದ ಮಾತ್ರ ಅದರ ಯೋಗ್ಯತೆಗೆ ಮೀರಿದ್ದು. ಸಾರು, ಹುಳಿ, ಗೊಜ್ಜುಗಳಲ್ಲಿರುವ ಹುಣಸೆರಸಕ್ಕಿಂತ ಜಠರವೇ ತಯಾರಿಸುವ ಆಮ್ಲ ಬಹಳ ತೀಕ್ಷ್ಣವಾದದ್ದರಿಂದ, ಹುಣಸೆ ಬಿಟ್ಟೊಡನೆ ಹೊಟ್ಟೆಯ ಆಮ್ಲ ಇಳಿಯುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಕೆರಳಿದ ಅನ್ನನಾಳದ ಮೂಲಕ ಇಳಿಯುವಾಗ ಟೊಮೆಟೊ, ನಿಂಬೆ, ಹುಣಸೆಗಳು ಉರಿ ತರಿಸಬಹುದು, ಅಷ್ಟೆ. ಇದಕ್ಕೆ ಎದುರಾಗಿ, ಹಿತವೆಂದು ಕೊಡುವ ಪುದೀನ ಆ ಬಾಗಿಲಿನ ಸ್ನಾಯುವನ್ನು ಸಡಿಲಿಸಿ ಕೆಲವರಿಗೆ ತೊಂದರೆಯನ್ನೇ ಹೆಚ್ಚಿಸಬಲ್ಲದು. ಚಾಕೊಲೆಟ್, ಮದ್ಯ, ತಂಬಾಕುಗಳ ಗುಣವೂ ಅದೇ. ಕಾಫಿ ಒಬ್ಬರಿಗೆ ಆಗದು, ಇನ್ನೊಬ್ಬರಿಗೆ ಏನೂ ಮಾಡದು. ತಣ್ಣನೆಯ ಹಾಲು ಕುಡಿದಾಗ ಉರಿ ತಕ್ಷಣ ಶಮನವಾದರೂ, ಅದರ ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಸ್ವಲ್ಪ ಹೊತ್ತಿನಲ್ಲಿ ಆಮ್ಲದ ಸ್ರಾವವನ್ನು ಪ್ರಚೋದಿಸುತ್ತವೆ. ಸೋಡಾದ ಗಾಳಿ ಹೊಟ್ಟೆಯನ್ನು ಹಿಗ್ಗಿಸುತ್ತದೆ. ನೀರಿಗೆ ಹಾಕಿದೊಡನೆ ನೊರೆಯೇಳುವ ಪುಡಿಗಳಲ್ಲಿ ಸೋಡಿಯಂ ಹೇರಳವಾಗಿರುವುದರಿಂದ, ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಅವನ್ನು ದಿನವೂ ಕುಡಿಯುವುದು ಅಪಾಯ.

ಇಷ್ಟೆಲ್ಲ ಪದಾರ್ಥಗಳನ್ನು ಒಟ್ಟಿಗೆ ನಿಷೇಧಿಸುವ ಪಟ್ಟಿಗಳು ಆಸ್ಪತ್ರೆಯ ಗೋಡೆಗಳಿಂದ ಹಿಡಿದು ಮೊಬೈಲ್ ಸಂದೇಶಗಳವರೆಗೆ ಎಲ್ಲೆಡೆ ಇವೆ. ಅವುಗಳ ಆಧಾರ ಮಾತ್ರ ತೆಳುವಾದದ್ದು. ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ, ಅದುವರೆಗಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ ವಿಮರ್ಶೆಯೊಂದು, ದೇಹದ ತೂಕ ಇಳಿಸುವುದು ಮತ್ತು ಮಂಚದ ತಲೆಯ ಭಾಗವನ್ನು ಎತ್ತರಿಸುವುದು ಇವೆರಡರಿಂದ ಪ್ರಯೋಜನವಿದೆಯೆಂದೂ, ನಿರ್ದಿಷ್ಟ ಆಹಾರಗಳನ್ನು ಎಲ್ಲರೂ ಬಿಡುವುದರಿಂದ ಗುಣ ಕಾಣುತ್ತದೆ ಎನ್ನಲು ಸಾಕ್ಷ್ಯ ಸಾಲದೆಂದೂ ಹೇಳಿತು. ಜಪಾನಿನಲ್ಲಿ 2005ರಲ್ಲಿ ಹೊರಬಂದ ಅಧ್ಯಯನದಲ್ಲಿ, ರಾತ್ರಿಯೂಟವಾದ ಮೂರು ಗಂಟೆಯೊಳಗೆ ಮಲಗುವವರಲ್ಲಿ, ನಾಲ್ಕು ಗಂಟೆ ಕಳೆದು ಮಲಗುವವರಿಗಿಂತ ಈ ಕಾಯಿಲೆ ಬಹಳ ಹೆಚ್ಚಾಗಿ ಕಂಡುಬಂದಿತ್ತು. ತಟ್ಟೆಯ ಪದಾರ್ಥಕ್ಕಿಂತ ಗಡಿಯಾರವನ್ನು ಮೊದಲು ಸಂಶಯಿಸುವುದು ಇದರಿಂದಾಗಿ ಸಮಂಜಸ. ಹೊಟ್ಟೆಯ ಬೊಜ್ಜು ಜಠರವನ್ನು ಕೆಳಗಿನಿಂದ ಒತ್ತುವುದನ್ನೂ, ಬಿಗಿಯಾದ ಬೆಲ್ಟ್ ಅಥವಾ ಉಡುದಾರ ಅದನ್ನು ಹೆಚ್ಚಿಸುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮಂಚ ಎತ್ತರಿಸುವುದೆಂದರೆ ದಿಂಬಿನ ಮೇಲೆ ದಿಂಬು ಪೇರಿಸುವುದಲ್ಲ. ಹಾಗೆ ಮಾಡಿದಾಗ ದೇಹ ಹೊಟ್ಟೆಯಲ್ಲಿ ಮಡಚಿಕೊಂಡು ಒತ್ತಡ ಹೆಚ್ಚುತ್ತದೆ. ತಲೆಯ ಕಡೆಯ ಎರಡು ಕಾಲುಗಳ ಕೆಳಗೆ 15ರಿಂದ 20 ಸೆಂಟಿಮೀಟರ್ ಎತ್ತರದ ಮರದ ತುಂಡು ಅಥವಾ ಇಟ್ಟಿಗೆಗಳನ್ನು ಅಲುಗಾಡದಂತೆ ಇಟ್ಟರೆ ಇಡೀ ಮೈ ಇಳಿಜಾರಾಗುತ್ತದೆ. ಎಡಮಗ್ಗುಲಿಗೆ ಮಲಗಿದಾಗ ಜಠರ ಅನ್ನನಾಳದ ಬಾಗಿಲಿಗಿಂತ ಕೆಳಮಟ್ಟದಲ್ಲಿ ಉಳಿಯುವುದರಿಂದ ಏರಿದ ಆಮ್ಲ ಬೇಗ ಹಿಂದಿರುಗುತ್ತದೆ.

ಆಹಾರದ ಪರೀಕ್ಷೆಗೆ ಇಳಿಯುವ ಮುನ್ನ ಒಂದು ಎಚ್ಚರಿಕೆ ಅತ್ಯಗತ್ಯ. ನುಂಗಿದ್ದು ಎದೆಯಲ್ಲಿ ಸಿಕ್ಕಿಕೊಂಡಂತಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ, ಡಾಂಬರಿನಂತೆ ಕಪ್ಪಾದ ಮಲ, ಇವುಗಳಲ್ಲಿ ಯಾವುದು ಕಂಡರೂ ವೈದ್ಯರನ್ನು ತಡಮಾಡದೆ ಕಾಣಬೇಕು. ಬೆವರು, ಉಸಿರುಗಟ್ಟುವಿಕೆ, ತೋಳಿಗೋ ದವಡೆಗೋ ಹರಡುವ ನೋವು ಜೊತೆಗೂಡಿದ ಎದೆಯುರಿಯನ್ನು ಗ್ಯಾಸ್ಟ್ರಿಕ್ ಎಂದು ಕಷಾಯ ಕುಡಿದು ಕಾಯುತ್ತ ಕೂರದೆ, ಹೃದಯಾಘಾತವೆಂದೇ ಭಾವಿಸಿ ಕೂಡಲೇ ಆಸ್ಪತ್ರೆ ಸೇರಬೇಕು. ಒಮೆಪ್ರಜೋಲ್‌ನಂಥ ಮಾತ್ರೆಗಳನ್ನು ಬಹಳ ದಿನ ತೆಗೆದುಕೊಂಡವರು ಏಕಾಏಕಿ ನಿಲ್ಲಿಸಿದರೆ ಆಮ್ಲ ಕೆಲವು ವಾರ ಹಿಂದಿಗಿಂತ ಹೆಚ್ಚಾಗಿ ಸ್ರವಿಸುವುದುಂಟು. ಅದನ್ನು ಆಹಾರದ ತಪ್ಪೆಂದು ಎಣಿಸುವ ಸಂಭವವಿರುವುದರಿಂದ ವೈದ್ಯರ ಸಲಹೆಯಂತೆಯೇ ಕ್ರಮೇಣ ಇಳಿಸುವುದು ಒಳ್ಳೆಯದು.

ಮಿಕ್ಕಂತೆ ಪರೀಕ್ಷೆಗೆ ಬೇಕಾದದ್ದು ಒಂದು ನೋಟ್‌ಬುಕ್ ಮತ್ತು ತಾಳ್ಮೆ. ಮೊದಲ ಎರಡು ವಾರ ಏನನ್ನೂ ಬಿಡದೆ, ಎಂದಿನಂತೆ ಉಂಡು, ಅಂದಂದಿನದನ್ನು ಅಂದೇ ಬರೆಯಬೇಕು. ಉದಾಹರಣೆಗೆ ಒಂದು ಪುಟ ಹೀಗಿರಬಹುದು: ಸಂಜೆ 6ಕ್ಕೆ ಮೆಣಸಿನಕಾಯಿ ಬಜ್ಜಿ ನಾಲ್ಕು, ಕಾಫಿ, ರಾತ್ರಿ 9.30ಕ್ಕೆ ಚಪಾತಿ ಮೂರು, ಪಲ್ಯ, ಅನ್ನ, ಟೊಮೆಟೊ ಸಾರು, ಮೊಸರನ್ನ, 10.15ಕ್ಕೆ ಮಲಗಿದ್ದು, 11.30ಕ್ಕೆ ಉರಿ. ಸಾಮಾನ್ಯವಾಗಿ ಇಂಥ ದಿನದ ದೋಷವನ್ನು ಸಾರಿನ ಟೊಮೆಟೊ ಮೇಲೆ ಹಾಕಲಾಗುತ್ತದೆ. ಪುಟ ತೋರಿಸುವುದು ಉಂಡ ಪ್ರಮಾಣವನ್ನೂ, ಊಟಕ್ಕೂ ಹಾಸಿಗೆಗೂ ನಡುವೆ ಉಳಿದ ಮುಕ್ಕಾಲು ಗಂಟೆಯನ್ನೂ. ಆದ್ದರಿಂದ ಮುಂದಿನ ಎರಡು ವಾರ ಪದಾರ್ಥಗಳನ್ನೆಲ್ಲ ಹಾಗೆಯೇ ಉಳಿಸಿಕೊಂಡು, ಊಟವನ್ನು 7.30ಕ್ಕೆ ತಂದು, ಒಂದು ಚಪಾತಿ ಕಡಿಮೆ ಮಾಡಿ ನೋಡುವುದು ಸರಿಯಾದ ಕ್ರಮ. ಅದರಿಂದಲೂ ಉರಿ ಇಳಿಯದಿದ್ದರೆ ಆಗ ಪದಾರ್ಥಗಳ ಸರದಿ ಬರುತ್ತದೆ, ಅದೂ ಒಂದು ಬಾರಿಗೆ ಒಂದೇ: ಮೊದಲು ಕರಿದದ್ದು, ಆಮೇಲೆ ಕಾಫಿ, ಆಮೇಲೆ ಹಸಿ ಈರುಳ್ಳಿ, ಹೀಗೆ. ಎಲ್ಲವನ್ನೂ ಒಮ್ಮೆಲೇ ಬಿಟ್ಟವರಿಗೆ ಗುಣವಾದರೂ ಯಾವುದರಿಂದ ಗುಣವಾಯಿತೆಂಬುದು ತಿಳಿಯದೆ, ಬೇಡದ ಪಥ್ಯವನ್ನು ವರ್ಷಗಟ್ಟಲೆ ಹೊತ್ತು, ಹಣ್ಣು ತರಕಾರಿಗಳ ಸತ್ತ್ವವನ್ನೂ ಕಳೆದುಕೊಳ್ಳುತ್ತಾರೆ.

ಬಿಟ್ಟದ್ದನ್ನು ಮರಳಿ ತಿಂದು ನೋಡುವ ಹಂತವನ್ನು ಹೆಚ್ಚಿನವರು ಕೈಬಿಡುತ್ತಾರೆ. ವಾಸ್ತವದಲ್ಲಿ ಪರೀಕ್ಷೆ ಪೂರ್ಣವಾಗುವುದು ಅಲ್ಲಿಯೇ. ಎರಡು ವಾರ ಬಿಟ್ಟ ಕಾಫಿಯನ್ನು ಬೆಳಗಿನ ತಿಂಡಿಯ ನಂತರ ಮೂರು ದಿನ ಕುಡಿದು, ಉರಿ ಮರಳದಿದ್ದರೆ ಅದನ್ನು ನಿರ್ದೋಷಿಯೆಂದು ಬರೆದುಕೊಳ್ಳಬೇಕು. ಮರಳಿದರೆ, ಇನ್ನೊಮ್ಮೆ ಬಿಟ್ಟು ಇನ್ನೊಮ್ಮೆ ಕುಡಿದು ಅದೇ ಫಲ ಬರುತ್ತದೆಯೇ ಎಂದು ನೋಡಿದ ಮೇಲೆಯೇ ಕಾಫಿಯ ಹೆಸರು ಆ ಒಬ್ಬರ ಪಟ್ಟಿಗೆ ಸೇರಬೇಕು.