ಗಾಜಿನ ಕಿಟಕಿಯೂ ಮನ್ಸೂರರ ವಚನವೂ

ಜಯನಗರದ ನಮ್ಮ ಹಳೆಯ ಮನೆಯನ್ನು ಹೊಸದಾಗಿ ಕಟ್ಟಿಸಿದಾಗ ಬೀದಿಯ ಕಡೆ ಗೋಡೆಗೆ ಬದಲು ಗಾಜೇ ಬಂದಿತು. ಬೆಳಕೇನೋ ತುಂಬಿತು. ಆದರೆ ಸ್ಟೀರಿಯೋದಲ್ಲಿ ಮಲ್ಲಿಕಾರ್ಜುನ ಮನ್ಸೂರರ ವಚನಗಾಯನ ಹಾಕಿದರೆ, ಕಿವಿ ಮಂದವಾದ ತೀರ್ಥರೂಪರಿಗೆ ಸ್ವರ ಕೇಳಿಸುತ್ತಿತ್ತೇ ವಿನಾ ಮಾತು ತಿಳಿಯುತ್ತಿರಲಿಲ್ಲ. “ಯಂತ್ರ ಕೆಟ್ಟಿದೆಯಪ್ಪಾ” ಎಂದರು. ಹೊಸದನ್ನು ಕೊಳ್ಳಲು ನಾನೂ ಸಿದ್ಧನಾಗಿದ್ದೆ.

ದೋಷ ಯಂತ್ರದ್ದಾಗಿರಲಿಲ್ಲ. ಗಾಜು ದನಿಯನ್ನು ಹೀರುವುದು ಅಲ್ಪ, ಹಿಂದಕ್ಕೆಸೆಯುವುದೇ ಬಹಳ. ಒಂದಕ್ಷರದ ಬಾಲ ಮುಂದಿನಕ್ಷರದ ಮೇಲೆ ಬೀಳುತ್ತದೆ. 1895ರಲ್ಲಿ ಹಾರ್ವರ್ಡಿನ ಉಪನ್ಯಾಸಮಂದಿರವೊಂದರಲ್ಲಿ ಮಾತು ಹೀಗೆಯೇ ಕಲಸಿಹೋಗುತ್ತಿತ್ತು. ವ್ಯಾಲೇಸ್ ಸಬೈನ್ ಎಂಬ ತರುಣ ಅಧ್ಯಾಪಕನು ಸಮೀಪದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ರಾತ್ರಿ ತರಿಸಿ ಹಾಸಿ, ಐದೂವರೆ ಸೆಕೆಂಡು ಉಳಿಯುತ್ತಿದ್ದ ಅನುರಣನವು ತಗ್ಗುವುದನ್ನು ಅಳೆದನು. ಬೆಳಗಾಗುವುದರೊಳಗೆ ಮೆತ್ತೆಗಳನ್ನು ಮರಳಿ ಒಯ್ಯಬೇಕಾಗಿತ್ತು, ಪಾಪ!

ನಾವು ಮಾಡಿದ್ದಿಷ್ಟೆ: ಕಿಟಕಿಯ ಅಗಲಕ್ಕೆ ಇಮ್ಮಡಿಯಾಗಿ ನೆರಿಗೆ ಹಿಡಿದ ದಪ್ಪ ಪರದೆ, ನೆಲಕ್ಕೆ ಜಮಖಾನ. ಮಂದ್ರದ ಗುಂಯ್‌ಗುಟ್ಟುವಿಕೆಗೆ ಪರದೆ ಮದ್ದಲ್ಲ. ಅದಕ್ಕಾಗಿ ಧ್ವನಿವರ್ಧಕಗಳನ್ನು ಗಾಜಿನಿಂದ ಮೂರಡಿ ಈಚೆಗೆ ಎಳೆದೆವು. ಹಗಲಲ್ಲಿ ಪರದೆ ಸರಿಸಿದರೆ ಬೆಳಕಿಗೂ ಕೊರತೆಯಿಲ್ಲ.

ಆ ಸಂಜೆ ತೀರ್ಥರೂಪರು ಕಣ್ಣು ಮುಚ್ಚಿ, ಮನ್ಸೂರರ ಜೊತೆಯಲ್ಲಿಯೇ ವಚನವನ್ನು ತುಟಿಯೊಳಗೆ ಹೇಳಿಕೊಳ್ಳುತ್ತಿದ್ದರು.