ಚೋಕ್ ಎಳೆದು ಹೊರಡುತ್ತಿದ್ದ ಕಾರುಗಳು

ಅಂಬಾಸಿಡರ್ ಅಥವಾ ಫಿಯೆಟ್ ಕಾರನ್ನು ಇಟ್ಟುಕೊಂಡಿದ್ದ ಮಂಗಳೂರಿನ ಮನೆಗಳ ನೆನಪುಗಳಲ್ಲಿ ವೇಗದ ಮಾತು ವಿರಳ, ಕೆಲಸದ ಮಾತು ಹೇರಳ. ಬೆಳಗ್ಗೆ ಚೋಕ್ ಎಳೆದು ಇಂಜಿನ್ನಿನ ಉಸಿರು ಹದಕ್ಕೆ ಬರುವವರೆಗೆ ಕಾಯುವುದು, ಆಟಿ ತಿಂಗಳ ಮಳೆಯಲ್ಲಿ ಬಾನೆಟ್ ಎತ್ತಿ ಒಣಬಟ್ಟೆಯಿಂದ ಡಿಸ್ಟ್ರಿಬ್ಯೂಟರಿನ ಮುಚ್ಚಳ ಒರೆಸುವುದು, ಘಾಟಿಯ ಅರ್ಧದಾರಿಯಲ್ಲಿ ಕಾರು ನಿಲ್ಲಿಸಿ ತೊರೆಯ ನೀರು ತರುವುದು, ಮುಂಗಾರಿಗೆ ಮುನ್ನ ಕಾರಿನ ತಳಕ್ಕೆ ಹಳೆಯ ಆಯಿಲ್ ಬಳಿಯುವುದು ಮೊದಲಾದ ಕೆಲಸಗಳ ಸುತ್ತಲೇ ಆ ನೆನಪುಗಳು ಬೆಳೆದಿವೆ. ಈ ಪ್ರೀತಿಯನ್ನು ಕಳೆದ ಕಾಲದ ಹಂಬಲವೆಂದಷ್ಟೇ ತಿಳಿಯುವುದು ಸರಿಯಾಗಲಾರದು. ಏಕೆಂದರೆ ಮನೆಮಂದಿ ಮಾಡುತ್ತಿದ್ದ ಪ್ರತಿಯೊಂದು ಕೆಲಸವೂ ಯಂತ್ರದ ಒಂದು ನಿರ್ದಿಷ್ಟ ಗುಣಕ್ಕೆ ಕೊಟ್ಟ ಉತ್ತರವಾಗಿತ್ತು, ಮತ್ತು ಆ ಉತ್ತರವನ್ನು ಅವರು ಕೈಯಿಂದಲೇ ಕಲಿತಿದ್ದರಿಂದ ಯಂತ್ರದ ಒಳಗು ಅವರಿಗೆ ಮನೆಯ ಅಡುಗೆಕೋಣೆಯಷ್ಟೇ ಪರಿಚಿತವಾಗಿತ್ತು.

ಎರಡೂ ಕಾರುಗಳ ಮೂಲ ಯುರೋಪಿನದು. 1942ರಲ್ಲಿ ಸ್ಥಾಪನೆಯಾದ ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆಯು ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಸರಣಿಯನ್ನು ಆಧರಿಸಿ, 1950ರ ದಶಕದ ಕೊನೆಯಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರನ್ನು ತಯಾರಿಸತೊಡಗಿ, 2014ರವರೆಗೂ ಅದೇ ಮೈಕಟ್ಟನ್ನು ಮುಂದುವರಿಸಿತು. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ತಯಾರಿಸುತ್ತಿದ್ದ ಇಟಲಿ ಮೂಲದ ಫಿಯೆಟ್ 1100 ಕಾರು 1970ರ ದಶಕದಲ್ಲಿ ‘ಪ್ರೀಮಿಯರ್ ಪದ್ಮಿನಿ’ ಎಂಬ ಹೆಸರು ಪಡೆದರೂ ಜನರ ಬಾಯಲ್ಲಿ ಕೊನೆಯವರೆಗೂ ಫಿಯೆಟ್ ಆಗಿಯೇ ಉಳಿಯಿತು. ಚೆನ್ನೈಯಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕೆಲವು ಕಾಲ ಮೂರನೆಯ ಆಯ್ಕೆಯಾಗಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬರುವವರೆಗೆ ಭಾರತದ ಸಾಮಾನ್ಯ ಕುಟುಂಬವೊಂದು ಹೊಸ ಕಾರಿನ ಆಸೆಯಿಟ್ಟುಕೊಂಡರೆ ಹೆಚ್ಚುಕಡಿಮೆ ಇಂತಹ ಬೆರಳೆಣಿಕೆಯ ಕಾರುಗಳಲ್ಲಿ ಒಂದಕ್ಕೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಹಾಗೆ ಕಾದು ಪಡೆದ ವಸ್ತುವನ್ನು ಇಪ್ಪತ್ತು ಮೂವತ್ತು ವರ್ಷ ದುರಸ್ತಿ ಮಾಡಿಕೊಂಡು ಬಾಳಿಸುವುದು ಸಹಜವೇ ಆಗಿತ್ತು.

ಅಂಬಾಸಿಡರಿನ ಮುಂದಿನ ಆಸನ ಬೆಂಚಿನಂತೆ ಅಖಂಡವಾಗಿದ್ದು, ಗೇರಿನ ಹಿಡಿ ನೆಲದಲ್ಲಿರದೆ ಸ್ಟಿಯರಿಂಗ್ ಕಂಬಕ್ಕೆ ಜೋಡಣೆಯಾಗಿದ್ದುದರಿಂದ ಚಾಲಕನ ಪಕ್ಕದಲ್ಲಿ ಇಬ್ಬರು ದೊಡ್ಡವರೂ ಅವರ ಮಡಿಲಲ್ಲಿ ಮಕ್ಕಳೂ ಕೂರಬಹುದಾಗಿತ್ತು. ಕಟೀಲಿಗೋ ಧರ್ಮಸ್ಥಳಕ್ಕೋ ಅತ್ತೂರಿನ ಚರ್ಚಿನ ಹಬ್ಬಕ್ಕೋ ಉಳ್ಳಾಲದ ಉರೂಸಿಗೋ ಮನೆಯವರೆಲ್ಲ ಒಂದೇ ಕಾರಿನಲ್ಲಿ ಹೋಗಿಬರಲು ಸಾಧ್ಯವಾದದ್ದು ಈ ವಿನ್ಯಾಸದಿಂದ. ಅದಕ್ಕೆ ತೆರಬೇಕಾದ ಬೆಲೆಯೂ ಇತ್ತು. ಸ್ಟಿಯರಿಂಗ್ ಕಂಬದಿಂದ ಗೇರ್ ಪೆಟ್ಟಿಗೆಯವರೆಗೆ ಚಾಲಕನ ಕೈಯ ಚಲನೆಯನ್ನು ಒಯ್ಯಲು ಹಲವು ಸರಳುಗಳೂ ಕೀಲುಗಳೂ ಬೇಕಾಗುತ್ತಿದ್ದವು. ಪ್ರತಿಯೊಂದು ಕೀಲು ಸವೆದಂತೆ ಹುಟ್ಟುವ ಸಣ್ಣ ಸಡಿಲಿಕೆಗಳು ಒಂದರ ಮೇಲೊಂದು ಸೇರಿ, ಕೊನೆಗೆ ಹಿಡಿ ಒಂದು ಗೇರಿನಲ್ಲಿದ್ದರೆ ಪೆಟ್ಟಿಗೆ ಮತ್ತೊಂದರಲ್ಲಿ ಸಿಕ್ಕಿಕೊಳ್ಳುವ ಸ್ಥಿತಿ ಬರುತ್ತಿತ್ತು. ಆಗ ಬಾನೆಟ್ ತೆರೆದು ಸರಳುಗಳನ್ನು ಕೈಯಿಂದಲೇ ಸರಿಸಿ ನ್ಯೂಟ್ರಲ್‌ಗೆ ತರುವ ಉಪಾಯ ಅನುಭವಿ ಚಾಲಕರೆಲ್ಲರಿಗೂ ತಿಳಿದಿತ್ತು.

ಚೋಕ್ ಎಂಬ ಗುಂಡಿಯ ಕಥೆ ಕಾರ್ಬ್ಯುರೇಟರಿನೊಂದಿಗೆ ಸೇರಿಕೊಂಡಿದೆ. ಕಾರ್ಬ್ಯುರೇಟರ್ ಎಂದರೆ ಗಾಳಿಯ ಸೆಳೆತದಿಂದಲೇ ಪೆಟ್ರೋಲನ್ನು ಎಳೆದು ಬೆರೆಸುವ ಸಾಧನ: ಗಾಳಿಯ ಕೊಳವೆಯ ನಡು ಕಿರಿದಾದಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಕುಸಿಯುತ್ತದೆ, ಆ ಒತ್ತಡದ ಕೊರತೆಯೇ ಪಕ್ಕದ ಬಟ್ಟಲಿನಿಂದ ಪೆಟ್ರೋಲನ್ನು ತುಂತುರಾಗಿ ಮೇಲೆತ್ತುತ್ತದೆ. ಪೆಟ್ರೋಲ್ ಪೂರ್ಣವಾಗಿ ಉರಿಯಲು ತೂಕದಲ್ಲಿ ಅದರ ಸುಮಾರು 14.7 ಪಟ್ಟು ಗಾಳಿ ಬೇಕು. ಆದರೆ ತಣ್ಣಗಿನ ಇಂಜಿನ್ನಿನಲ್ಲಿ ತುಂತುರಿನ ಬಹುಪಾಲು ಆವಿಯಾಗದೆ ಲೋಹದ ಗೋಡೆಗೆ ಹನಿಯಾಗಿ ಅಂಟಿಕೊಳ್ಳುವುದರಿಂದ ಕಿಡಿಯ ಬಳಿಗೆ ತಲಪುವ ಆವಿ ಸಾಲದೆ ಹೋಗುತ್ತದೆ. ಈ ಕೊರತೆಯನ್ನು ತುಂಬಲೆಂದೇ ಚೋಕ್ ಇದ್ದದ್ದು. ಕೆಲವು ಕಾರ್ಬ್ಯುರೇಟರುಗಳು ಗಾಳಿಯ ದಾರಿಯನ್ನು ಮುಚ್ಚುವ ಮೂಲಕ, ಅಂಬಾಸಿಡರಿನ ಹಲವು ಕಾರುಗಳಲ್ಲಿದ್ದ ಎಸ್‌ಯು ಮಾದರಿಯವು ಪೆಟ್ರೋಲಿನ ಕಂಡಿಯನ್ನು ಹಿಗ್ಗಿಸುವ ಮೂಲಕ ಮಿಶ್ರಣವನ್ನು ತಾತ್ಕಾಲಿಕವಾಗಿ ಗಾಢಗೊಳಿಸುತ್ತಿದ್ದವು. ಕರಾವಳಿಯಲ್ಲಿ ಚಳಿ ಕಡಿಮೆಯಾದ್ದರಿಂದ ಚೋಕಿನ ಅಗತ್ಯ ಒಂದೆರಡು ನಿಮಿಷದ್ದು. ಅದನ್ನು ಒಳಕ್ಕೆ ತಳ್ಳಲು ಮರೆತರೆ ಪ್ಲಗ್ಗುಗಳಿಗೆ ಮಸಿ ಹಿಡಿದು ಇಂಜಿನ್ ಕೆಮ್ಮತೊಡಗುತ್ತಿತ್ತು.

ಮಂಗಳೂರಿನಲ್ಲಿ ಈ ಕಾರುಗಳನ್ನು ನಿಜವಾಗಿ ಕಾಡಿದ್ದು ಚಳಿಯಲ್ಲ, ತೇವ. ಪೆಟ್ರೋಲ್ ಇಂಜಿನ್ನಿನ ಪ್ರತಿಯೊಂದು ಸಿಲಿಂಡರಿಗೂ ಸರಿಯಾದ ಕ್ಷಣದಲ್ಲಿ ವಿದ್ಯುತ್ ಕಿಡಿ ಬೇಕು. ನಾಲ್ಕು ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಸೆಕೆಂಡಿಗೆ ನೂರು ಕಿಡಿಗಳು ಹಾರಬೇಕು. ಈ ಕೆಲಸವನ್ನು ಒಂದು ಜೊತೆ ಲೋಹದ ತುಟಿಗಳು ನಡೆಸುತ್ತಿದ್ದವು, ಗ್ಯಾರೇಜಿನ ಭಾಷೆಯಲ್ಲಿ ಅವು ‘ಪಾಯಿಂಟ್’. ಪಾಯಿಂಟ್ ಕೂಡಿರುವಾಗ ಬ್ಯಾಟರಿಯ 12 ವೋಲ್ಟಿನ ವಿದ್ಯುತ್ತು ಇಗ್ನಿಷನ್ ಕಾಯಿಲ್ ಎಂಬ ತಂತಿಸುರುಳಿಯಲ್ಲಿ ಹರಿದು ಕಾಂತಕ್ಷೇತ್ರವನ್ನು ಕಟ್ಟುತ್ತದೆ. ಪಾಯಿಂಟ್ ಬೇರ್ಪಟ್ಟೊಡನೆ ಆ ಕ್ಷೇತ್ರ ಹಠಾತ್ತನೆ ಕುಸಿದು, ಸಾವಿರಾರು ಸುತ್ತುಗಳುಳ್ಳ ಎರಡನೆಯ ಸುರುಳಿಯಲ್ಲಿ ಹತ್ತು ಸಾವಿರ ವೋಲ್ಟಿಗೂ ಮೀರಿದ ಒತ್ತಡವನ್ನು ಹುಟ್ಟಿಸುತ್ತದೆ. ಈ ಒತ್ತಡವನ್ನು ನಾಲ್ಕು ಪ್ಲಗ್ಗುಗಳಿಗೆ ಸರದಿಯಂತೆ ಹಂಚುವ ಕಪ್ಪು ಮುಚ್ಚಳದ ಸಾಧನವೇ ಡಿಸ್ಟ್ರಿಬ್ಯೂಟರ್. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಅಥವಾ ಅದಕ್ಕೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ, ನೀರು ನಿಂತ ರಸ್ತೆಗಳನ್ನು ದಾಟುವಾಗ ರೇಡಿಯೇಟರಿನ ಹಿಂದಿನ ಫ್ಯಾನ್ ಆ ನೀರನ್ನು ಇಂಜಿನ್ನಿನ ಮೇಲೆಲ್ಲ ಸಿಡಿಸಿದರೆ, ಮುಚ್ಚಳದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಹರಡಿದ ತೇವ ಮತ್ತು ಧೂಳಿನ ಪದರವೇ ವಿದ್ಯುತ್ತಿಗೆ ಅಡ್ಡದಾರಿಯಾಗುತ್ತಿತ್ತು. ಕಿಡಿ ಪ್ಲಗ್ಗಿನಲ್ಲಿ ಹಾರುವ ಬದಲು ಮುಚ್ಚಳದ ಮೈಮೇಲೆ ಸೋರಿಹೋಗಿ ಕಾರು ನಡುರಸ್ತೆಯಲ್ಲಿ ನಿಲ್ಲುತ್ತಿತ್ತು. ಒಣಬಟ್ಟೆಯಿಂದ ಒರೆಸಿದೊಡನೆ ಮತ್ತೆ ಜೀವ ಬರುತ್ತಿದ್ದುದರಲ್ಲಿ ಪವಾಡವೇನೂ ಇರಲಿಲ್ಲ. ಸೋರುವ ದಾರಿ ಮುಚ್ಚಿತ್ತು, ಅಷ್ಟೆ. ಆದರೂ ಒಂದು ತುಂಡು ಬಟ್ಟೆಯಿಂದ ಒಂದು ಟನ್ನಿಗೂ ಮಿಕ್ಕಿದ ಯಂತ್ರವನ್ನು ಎಬ್ಬಿಸಿದ ತೃಪ್ತಿಯನ್ನು ಕಂಡವರು ಅದನ್ನು ಮರೆಯದಿರುವುದು ಸಹಜ.

ಬ್ಯಾಟರಿ ಸೋತ ದಿನಗಳಲ್ಲಿ ಮುಂಭಾಗದ ರಂಧ್ರದಿಂದ ಕಬ್ಬಿಣದ ಹ್ಯಾಂಡಲ್ ತೂರಿಸಿ ಇಂಜಿನ್ನನ್ನು ತಿರುಗಿಸಬೇಕಾಗುತ್ತಿತ್ತು. ಹ್ಯಾಂಡಲ್ ಹೊಡೆಯುವಾಗ ಹೆಬ್ಬೆರಳನ್ನು ಹಿಡಿಯ ಸುತ್ತ ಬಳಸದೆ ಉಳಿದ ಬೆರಳುಗಳ ಬದಿಯಲ್ಲೇ ಇಟ್ಟುಕೊಳ್ಳಬೇಕೆಂದು ಹಿರಿಯರು ತಪ್ಪದೆ ಎಚ್ಚರಿಸುತ್ತಿದ್ದರು. ಪಿಸ್ಟನ್ ಪೂರ್ತಿ ಮೇಲೇರುವುದಕ್ಕಿಂತ ತುಸು ಮೊದಲೇ ಕಿಡಿ ಹಾರುವಂತೆ ಇಂಜಿನ್ನನ್ನು ಹೊಂದಿಸಿರುತ್ತಾರೆ. ಕೈಯ ನಿಧಾನಗತಿಯಲ್ಲಿ ತಿರುಗುವಾಗ ಸ್ಫೋಟ ಬೇಗನೆ ಸಂಭವಿಸಿ ಪಿಸ್ಟನ್ ಹಿಂದಕ್ಕೆ ಒದೆಸಿಕೊಂಡರೆ ಹ್ಯಾಂಡಲ್ ವಿರುದ್ಧ ದಿಕ್ಕಿಗೆ ಬೀಸಿ, ಅಡ್ಡ ಸಿಕ್ಕಿದ ಹೆಬ್ಬೆರಳನ್ನು ಮುರಿಯಬಲ್ಲದು. ಕೈಯ ಹಿಡಿತವನ್ನು ಕುರಿತ ಆ ಒಂದು ಮಾತಿನಲ್ಲಿ ಇಂಜಿನ್ ಶಾಸ್ತ್ರದ ಒಂದು ಅಧ್ಯಾಯವೇ ಅಡಗಿದೆ.

ನಗರದ ನೆಲವೂ ಸಮತಟ್ಟಲ್ಲ. ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ಏರುವಾಗಲಾಗಲಿ, ಕದ್ರಿಯ ಏರುಗಳಲ್ಲಾಗಲಿ, ಮುಂದಿನ ಬಸ್ಸು ನಿಂತಿತೆಂದರೆ ಅಂಬಾಸಿಡರಿನ ಚಾಲಕನಿಗೆ ಪರೀಕ್ಷೆ ಎದುರಾಗುತ್ತಿತ್ತು. ಅದರ ನಾಲ್ಕು ಗೇರುಗಳಲ್ಲಿ ಮೊದಲನೆಯದಕ್ಕೆ ಸಿಂಕ್ರೊಮೆಶ್ ಇರಲಿಲ್ಲ. ಬೇರೆಬೇರೆ ವೇಗದಲ್ಲಿ ತಿರುಗುವ ಎರಡು ಹಲ್ಲುಚಕ್ರಗಳು ಕೂಡುವ ಮುನ್ನ ಅವುಗಳ ವೇಗವನ್ನು ಘರ್ಷಣೆಯಿಂದ ಸಮಗೊಳಿಸುವ ಶಂಕುವಿನಾಕಾರದ ಏರ್ಪಾಟಿಗೆ ಆ ಹೆಸರು. ಆದುದರಿಂದ ಕಾರು ಪೂರ್ತಿ ನಿಲ್ಲದೆ ಮೊದಲ ಗೇರಿಗೆ ಇಳಿಸಬೇಕಾದರೆ ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು, ಆಕ್ಸಿಲರೇಟರ್ ಒತ್ತಿ, ಮತ್ತೆ ಕ್ಲಚ್ ಒತ್ತಿ, ಹಲ್ಲುಗಳ ವೇಗವನ್ನು ಕಿವಿಯಿಂದಲೇ ಅಳೆದು ಕೂಡಿಸಬೇಕಾಗಿತ್ತು. ತಪ್ಪಿದರೆ ಹಲ್ಲು ಕಡಿಯುವ ಸದ್ದು ಬೀದಿಗೆಲ್ಲ ಕೇಳುತ್ತಿತ್ತು.

ಘಾಟಿಯ ಪ್ರಯಾಣವನ್ನು ಲೆಕ್ಕ ಹಾಕಿ ನೋಡುವುದು ಉಪಯುಕ್ತ. ಸಾಮಾನು ಸಹಿತ ಐದು ಮಂದಿಯನ್ನು ಹೊತ್ತ ಅಂಬಾಸಿಡರಿನ ತೂಕ ಸುಮಾರು 1,500 ಕಿಲೋ ಎಂದಿಟ್ಟುಕೊಂಡರೆ, ಶಿರಾಡಿಯ ಮೂಲಕ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಸಕಲೇಶಪುರಕ್ಕೆ ಅದನ್ನು ಎತ್ತಲು ಒಂದು ಕೋಟಿ ಮೂವತ್ತು ಲಕ್ಷ ಜೂಲ್ ಶಕ್ತಿ ಬೇಕು. ಪೆಟ್ರೋಲಿನ ಶಕ್ತಿಯಲ್ಲಿ ಕಾಲುಭಾಗದಷ್ಟನ್ನು ಮಾತ್ರ ಇಂತಹ ಇಂಜಿನ್ ಚಲನೆಯಾಗಿ ಮಾರ್ಪಡಿಸಬಲ್ಲದಾದ್ದರಿಂದ ಕೇವಲ ಎತ್ತರ ಏರಲು ಒಂದೂವರೆ ಲೀಟರಿಗೂ ಹೆಚ್ಚು ಪೆಟ್ರೋಲ್ ಉರಿಯುತ್ತದೆ; ಆ ಉರಿಯ ಮೂರನೆಯ ಒಂದು ಪಾಲಿನಷ್ಟು ಶಾಖ ಇಂಜಿನ್ನಿನ ಸುತ್ತ ಹರಿಯುವ ನೀರಿಗೆ ಸೇರುತ್ತದೆ. ಕುದಿಯುವ ಏಳು ಲೀಟರ್ ನೀರನ್ನು ಸಂಪೂರ್ಣ ಆವಿಯಾಗಿಸಲು ಸಾಕಾಗುವಷ್ಟು ಶಾಖವದು. ಅದನ್ನು ಹೊರದಬ್ಬಬೇಕಾದ ಫ್ಯಾನ್ ಬೆಲ್ಟಿನ ಮೂಲಕ ಇಂಜಿನ್ನಿಗೇ ಕಟ್ಟಿಕೊಂಡಿದ್ದರಿಂದ, ಲಾರಿಗಳ ಹಿಂದೆ ನಿಧಾನವಾಗಿ ತೆವಳುವಾಗ, ಅಂದರೆ ಗಾಳಿ ಅತ್ಯಗತ್ಯವಾದಾಗಲೇ, ಅದು ಮೆಲ್ಲನೆ ತಿರುಗುತ್ತಿತ್ತು. ರೇಡಿಯೇಟರಿನ ಒತ್ತಡದ ಮುಚ್ಚಳ ಇದಕ್ಕೆ ಭಾಗಶಃ ಪರಿಹಾರ. ಒಳಗಿನ ಒತ್ತಡ ಹೊರಗಿನದಕ್ಕಿಂತ ಅರ್ಧ ವಾತಾವರಣದಷ್ಟು ಹೆಚ್ಚಿದ್ದರೆ ನೀರು 100 ಡಿಗ್ರಿಯ ಬದಲು ಸುಮಾರು 111 ಡಿಗ್ರಿಯಲ್ಲಿ ಕುದಿಯುತ್ತದೆ. ಅಷ್ಟು ಕಾದ ನೀರಿನ ಮುಚ್ಚಳವನ್ನು ತಟ್ಟನೆ ತೆರೆದರೆ ಒತ್ತಡ ಕುಸಿದು ನೀರು ಒಮ್ಮೆಗೇ ಕುದಿದು ಆವಿಯೊಂದಿಗೆ ಚಿಮ್ಮುವುದರಿಂದ, ಮರದ ನೆರಳಲ್ಲಿ ಅರ್ಧಗಂಟೆ ಕಾದು, ಒದ್ದೆ ಗೋಣಿಯನ್ನು ಮೇಲೆ ಹಾಕಿ ಮೆಲ್ಲನೆ ತಿರುಗಿಸುವ ಕ್ರಮ ಬಳಕೆಯಲ್ಲಿತ್ತು. ಇಂಜಿನ್ನಿನ ಮೈಗೇ ಅಂಟಿಕೊಂಡಿದ್ದ ಪೆಟ್ರೋಲ್ ಪಂಪು ಅತಿಯಾಗಿ ಕಾದಾಗ ಒಳಗಿನ ಪೆಟ್ರೋಲ್ ಗುಳ್ಳೆಗಟ್ಟಿ, ದ್ರವವನ್ನು ತಳ್ಳಲೆಂದು ರೂಪಿಸಿದ ಪಂಪು ಬರಿಯ ಆವಿಯನ್ನು ಹಿಂಡುತ್ತ ಸುಮ್ಮನಾಗುತ್ತಿತ್ತು. ಅದಕ್ಕೂ ಒದ್ದೆಬಟ್ಟೆಯೇ ಮದ್ದು. ಚಾರ್ಮಾಡಿಯ ತಿರುವುಗಳಲ್ಲಿ ಹೀಗೆ ಕಡ್ಡಾಯವಾಗಿ ಒದಗುತ್ತಿದ್ದ ವಿರಾಮಗಳಲ್ಲೇ ಎಷ್ಟೋ ಮಕ್ಕಳು ಮೊದಲ ಬಾರಿಗೆ ಪಶ್ಚಿಮಘಟ್ಟದ ಕಣಿವೆಯನ್ನು ನಿಂತು ನೋಡಿದ್ದರೆಂಬುದನ್ನೂ ಇಲ್ಲಿ ಹೇಳಬೇಕು.

ಇಳಿಯುವಾಗ ಅದೇ ಒಂದು ಕೋಟಿ ಮೂವತ್ತು ಲಕ್ಷ ಜೂಲನ್ನು ಮರಳಿ ಶಾಖವಾಗಿ ಚೆಲ್ಲಬೇಕು. ಡ್ರಮ್ ಬ್ರೇಕಿನಲ್ಲಿ ಘರ್ಷಣೆಯ ಪಟ್ಟಿಗಳು ಮುಚ್ಚಿದ ಉರುಳೆಯ ಒಳಮೈಗೆ ಒತ್ತುವುದರಿಂದ ಶಾಖ ಬೇಗನೆ ಹೊರಹೋಗದೆ, ಉರುಳೆ ಹಿಗ್ಗಿ ಪಟ್ಟಿಯಿಂದ ದೂರ ಸರಿದು, ಪೆಡಲ್ ಆಳಕ್ಕೆ ಇಳಿಯುತ್ತಿತ್ತು. ಏರಿದ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಚಾಲಕರ ನಿಯಮ ಇಂಜಿನ್ನಿನ ಎಳೆತವನ್ನೇ ಬ್ರೇಕಾಗಿ ಬಳಸುವ ವಿವೇಕವಾಗಿತ್ತು.

ಹಿಂಬದಿಯ ಲೀಫ್ ಸ್ಪ್ರಿಂಗಿನ ವಿಷಯದಲ್ಲಿ ಮಂಗಳೂರಿಗೆ ವಿಶೇಷ ಅಧಿಕಾರವಿದೆ. ಬಾಗಿದ ಉಕ್ಕಿನ ಪಟ್ಟಿಗಳನ್ನು ಉದ್ದದಿಂದ ಗಿಡ್ಡಕ್ಕೆ ಒಂದರ ಕೆಳಗೊಂದು ಜೋಡಿಸಿದ ಈ ಸ್ಪ್ರಿಂಗಿನಲ್ಲಿ, ಬಾಗಿಸುವ ಬಲ ನಡುವಿನಲ್ಲಿ ಅತಿ ಹೆಚ್ಚಾಗಿಯೂ ತುದಿಗಳಲ್ಲಿ ಕಡಿಮೆಯಾಗಿಯೂ ಇರುವುದರಿಂದ ಪಟ್ಟಿಗಳ ರಾಶಿಯೂ ನಡುವಿನಲ್ಲಿ ದಪ್ಪವಾಗಿ ತುದಿಗೆ ತೆಳುವಾಗುತ್ತದೆ. ಪಟ್ಟಿಗಳು ಒಂದನ್ನೊಂದು ಉಜ್ಜುವ ಘರ್ಷಣೆ ಕುಲುಕಾಟವನ್ನು ಅಡಗಿಸಲೂ ನೆರವಾಗುತ್ತದೆ. ವಿ. ಎಸ್. ಕುಡ್ವ ಅವರು ಕಟ್ಟಿದ ಕೆನರಾ ವರ್ಕ್‌ಶಾಪ್ಸ್ ಸಂಸ್ಥೆಯ ‘ಕೆನರಾ ಸ್ಪ್ರಿಂಗ್ಸ್’ ಮತ್ತು ಬೈಕಂಪಾಡಿಯ ಲ್ಯಾಮಿನಾ ಸಸ್ಪೆನ್ಶನ್ ಪ್ರಾಡಕ್ಟ್ಸ್ ಈ ನಗರವನ್ನು ಲೀಫ್ ಸ್ಪ್ರಿಂಗುಗಳ ತವರಾಗಿಸಿದವು. ಕಾರು ಬಂಗಾಳದಿಂದ ಬಂದರೂ ಅದರ ಭಾರ ಹೊರುವ ವಿದ್ಯೆ ಊರಿನಲ್ಲೇ ಇತ್ತೆಂಬುದು ಮಂಗಳೂರಿಗರು ಅಭಿಮಾನ ಪಡಬೇಕಾದ ಸಂಗತಿ.

ಎಲ್ಲಕ್ಕಿಂತ ದೀರ್ಘವಾದ ಹೋರಾಟ ತುಕ್ಕಿನೊಂದಿಗೆ ನಡೆಯಿತು. ಕಬ್ಬಿಣ, ನೀರು ಮತ್ತು ಆಮ್ಲಜನಕ ಕೂಡಿದಲ್ಲಿ ಲೋಹದ ಮೈಯೇ ಪುಟ್ಟ ಪುಟ್ಟ ವಿದ್ಯುತ್ಕೋಶಗಳಾಗಿ ಒಂದೆಡೆ ಕರಗುತ್ತ ಇನ್ನೊಂದೆಡೆ ಆಮ್ಲಜನಕಕ್ಕೆ ಎಲೆಕ್ಟ್ರಾನು ಒಪ್ಪಿಸುತ್ತದೆ. ಉಪ್ಪು ನೀರಿನ ವಾಹಕತೆಯನ್ನು ಹೆಚ್ಚಿಸಿ ಈ ವ್ಯವಹಾರವನ್ನು ತ್ವರಿತಗೊಳಿಸುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 75ನ್ನು ದಾಟಿದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರನ್ನು ಹೀರಿ ದ್ರವವಾಗುವುದರಿಂದ, ಕಡಲ ಗಾಳಿ ತಂದು ಕೂರಿಸಿದ ಉಪ್ಪಿನ ಕಣಗಳು ಮಳೆ ಬಾರದ ರಾತ್ರಿಯಲ್ಲೂ ಕಾರಿನ ತಳವನ್ನು ಒದ್ದೆಯಾಗಿಡುತ್ತವೆ. ಅಂಬಾಸಿಡರಿಗೆ ಪ್ರತ್ಯೇಕ ಚಾಸಿಯಿಲ್ಲ. ತಗಡಿನ ಕವಚವೇ ಅದರ ಎಲುಬು. ಹೀಗಾಗಿ ನೆಲದ ತಗಡು ತೂತಾಗುವುದೆಂದರೆ ಸೌಂದರ್ಯ ಕೆಡುವುದಷ್ಟೇ ಅಲ್ಲ, ಬಲ ಕುಂದುವುದೂ ಹೌದು. ಬೇಸಿಗೆಯಲ್ಲಿ ಗ್ಯಾರೇಜಿನಲ್ಲಿ ನಡೆಯುತ್ತಿದ್ದ ಟಿಂಕರಿಂಗ್, ಎಂದರೆ ಕೊಳೆತ ತಗಡನ್ನು ಕತ್ತರಿಸಿ ಹೊಸ ತುಂಡನ್ನು ಬೆಸುಗೆ ಹಾಕುವ ಕೆಲಸ, ಈ ಕಾರಣಕ್ಕೆ ಆ ಕಾರುಗಳ ಆಯುಸ್ಸನ್ನೇ ನಿರ್ಧರಿಸುತ್ತಿತ್ತು. ಬಾಗಿಲುಗಳ ಒಳಗೆ ಕಿಟಕಿಯ ಗಾಜಿನ ಸಂದಿಯಿಂದ ಇಳಿಯುವ ಮಳೆನೀರು ಹೊರಹೋಗಲು ತಳದಲ್ಲಿ ಸಣ್ಣ ರಂಧ್ರಗಳಿರುತ್ತವೆ. ಕೆಂಪು ಮಣ್ಣೂ ಕೊಳೆತ ಎಲೆಯೂ ಸೇರಿ ಅವು ಮುಚ್ಚಿಕೊಂಡರೆ ಬಾಗಿಲು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಆ ರಂಧ್ರಗಳನ್ನು ಬಿಡಿಸಲು ಹಿಡಿಸೂಡಿಯ ಒಂದು ಕಡ್ಡಿ ಸಾಕಾಗುತ್ತಿತ್ತು, ಮತ್ತು ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡಬಲ್ಲ ಎತ್ತರ ಮನೆಯ ಮಕ್ಕಳದ್ದೇ ಆಗಿದ್ದುದರಿಂದ, ಕಡ್ಡಿ ಚುಚ್ಚಿದೊಡನೆ ಹಿಂದಿನ ಮಳೆಯ ಕೆಂಪು ನೀರು ಸುರಿಯುವುದನ್ನು ನೋಡುವ ಸಂಭ್ರಮ ಅವರ ಪಾಲಿಗೆ ಬರುತ್ತಿತ್ತು.