ಕ್ರೀಡಾ ಕಾರಿನ ಟೈರು: ದುಬಾರಿಯೋ, ಮಧ್ಯಮ ಬೆಲೆಯದೋ?

ಕ್ರೀಡಾ ಕಾರಿನ ಎಂಜಿನ್ ಎಷ್ಟೇ ಶಕ್ತಿಶಾಲಿಯಾಗಿದ್ದರೂ ಆ ಶಕ್ತಿಯನ್ನು ರಸ್ತೆಗೆ ತಲಪಿಸುವುದು ಹೆಚ್ಚುಕಡಿಮೆ ಅಂಗೈಯಗಲದ ನಾಲ್ಕು ರಬ್ಬರ್ ತುಣುಕುಗಳು ಮಾತ್ರ. ಕಾರಿನೊಂದಿಗೆ ಬಂದ ಟೈರುಗಳು ಸವೆದಾಗ ಮಾಲೀಕರ ಮುಂದೆ ಎರಡು ಆಯ್ಕೆಗಳಿರುತ್ತವೆ. ಒಂದು, ಮಿಷೆಲಿನ್, ಪಿರೆಲ್ಲಿ, ಕಾಂಟಿನೆಂಟಲ್‌ಗಳಂತಹ ಸಂಸ್ಥೆಗಳ ಉನ್ನತ ಶ್ರೇಣಿಯ ಟೈರು. ಇನ್ನೊಂದು, ಕುಮ್ಹೊ, ಫಾಲ್ಕನ್ ಅಥವಾ 2009ರಲ್ಲಿ ಭಾರತದ ಅಪೊಲೊ ಟೈರ್ಸ್ ಖರೀದಿಸಿದ ನೆದರ್ಲೆಂಡ್ಸ್ ಮೂಲದ ವ್ರೆಡೆಸ್ಟೀನ್‌ನಂತಹ, ತುಸು ಅಗ್ಗದ ಟೈರು.

ಬೆಲೆಯ ಹಿಂದಿನ ಕಾರಣ

ಉನ್ನತ ಶ್ರೇಣಿಯ ಬೆಲೆಯಲ್ಲಿ ಜಾಹೀರಾತಿನ ಪಾಲು ಇರುವುದು ನಿಜ. ಆದರೆ ಸಿಲಿಕಾ ಬೆರೆತ ರಬ್ಬರ್ ಮಿಶ್ರಣದ ಸಂಶೋಧನೆ ಹಾಗೂ ಕಾರು ತಯಾರಕರೊಡನೆ ನಡೆಸುವ ದೀರ್ಘ ಪರೀಕ್ಷೆಗಳ ವೆಚ್ಚವೂ ಅದರಲ್ಲಿ ಸೇರಿದೆ. ಪೋರ್ಷೆ ಸಂಸ್ಥೆಯು ತಾನು ಒಪ್ಪಿದ ಟೈರುಗಳ ಮೇಲೆ 'ಎನ್' ಅಕ್ಷರದ ಗುರುತು ಇರುವಂತೆ ನೋಡಿಕೊಳ್ಳುವುದು ಇದಕ್ಕೆ ನಿದರ್ಶನ.

ಕಿಲೋಮೀಟರಿನ ಲೆಕ್ಕ

ವ್ಯಾಪಾರಿ ದೃಷ್ಟಿಯಿಂದ ನೋಡಬೇಕಾದುದು ಕಿಲೋಮೀಟರಿಗೆ ತಗಲುವ ವೆಚ್ಚವನ್ನು. ಉದಾಹರಣೆಗೆ, 24,000 ರೂ. ಬೆಲೆಯ ಟೈರು 30,000 ಕಿ.ಮೀ. ಬಾಳಿದರೆ ಕಿಲೋಮೀಟರಿಗೆ 80 ಪೈಸೆ, 15,000 ರೂ. ಟೈರು 20,000 ಕಿ.ಮೀ. ಬಾಳಿದರೆ 75 ಪೈಸೆ. ಅಂಗಡಿಯಲ್ಲಿ ಕಂಡ 9,000 ರೂ. ಅಂತರ ರಸ್ತೆಯಲ್ಲಿ ಐದು ಪೈಸೆಗೆ ಇಳಿಯಿತು!

ಆದರೆ ಈ ಲೆಕ್ಕ ಎಲ್ಲರಿಗೂ ಒಪ್ಪುವುದಿಲ್ಲ. ವಾರಾಂತ್ಯಗಳಲ್ಲಿ ಮಾತ್ರ ಹೊರಬರುವ ಕಾರು ವರ್ಷಕ್ಕೆ 3,000 ಕಿ.ಮೀ. ಓಡಿದರೆ 30,000 ಕಿ.ಮೀ. ಪೂರೈಸಲು ಹತ್ತು ವರ್ಷ ಬೇಕು. ಅಷ್ಟರಲ್ಲಿ ರಬ್ಬರ್ ಗಡುಸಾಗಿ ಹಿಡಿತ ಕುಂದಿರುತ್ತದೆ. ಇಂತಹ ಮಾಲೀಕರಿಗೆ ಹೆಚ್ಚು ಬಾಳಿಕೆಯ ಲಾಭ ದೊರೆಯುವುದೇ ಇಲ್ಲ.

ತೇವದ ರಸ್ತೆಯಲ್ಲಿ

ಹಣಕ್ಕಿಂತ ಮಿಗಿಲಾದ ಪ್ರಶ್ನೆ ಸುರಕ್ಷತೆಯದು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದಾಗ, ಘರ್ಷಣಾಂಕ 0.8 ಇರುವ ಟೈರು ಸುಮಾರು 49 ಮೀಟರಿನಲ್ಲಿ ನಿಂತರೆ, 0.7 ಇರುವುದು 56 ಮೀಟರು ಸಾಗುತ್ತದೆ. ಮೊದಲ ಕಾರು ನಿಂತ ಜಾಗದಲ್ಲಿ ಎರಡನೆಯದು ಇನ್ನೂ ಗಂಟೆಗೆ 35 ಕಿ.ಮೀ. ವೇಗದಲ್ಲಿರುತ್ತದೆ. ಆದುದರಿಂದ ಉಳಿತಾಯವನ್ನು ಬೇರೆಲ್ಲಿ ಮಾಡಿದರೂ ತೇವದ ಹಿಡಿತದಲ್ಲಿ ಮಾಡಬಾರದು. ಯುರೋಪಿನ ಟೈರು ಲೇಬಲ್ಲಿನಲ್ಲಿ ಈ ಗುಣಕ್ಕೆ 'ಎ' ಯಿಂದ 'ಇ' ವರೆಗೆ ದರ್ಜೆ ನೀಡಲಾಗುತ್ತದೆ. ಮಧ್ಯಮ ಬೆಲೆಯ ಕೆಲವು ಟೈರುಗಳೂ 'ಎ' ದರ್ಜೆ ಪಡೆದಿರುವುದು ಗಮನಾರ್ಹ.

ಖರೀದಿಗೆ ಮುನ್ನ

ವೇಗದ ಸಂಕೇತವು ಕಾರು ತಯಾರಕರು ಸೂಚಿಸಿದ್ದಕ್ಕಿಂತ ಕಡಿಮೆ ಇರಬಾರದು: 'ಡಬ್ಲ್ಯು' ಎಂದರೆ ಗಂಟೆಗೆ 270 ಕಿ.ಮೀ., 'ವೈ' ಎಂದರೆ 300 ಕಿ.ಮೀ. ಟೈರಿನ ಬದಿಯಲ್ಲಿರುವ ಕೊನೆಯ ನಾಲ್ಕು ಅಂಕಿಗಳು ತಯಾರಿಕೆಯ ವಾರ ಮತ್ತು ವರ್ಷವನ್ನು ತಿಳಿಸುತ್ತವೆ. '1025' ಎಂದಿದ್ದರೆ ಅದು 2025ರ ಹತ್ತನೇ ವಾರದ್ದು. ರಿಯಾಯಿತಿಯ ಆಸೆಗೆ ಹಳೆಯ ದಾಸ್ತಾನು ಕೊಳ್ಳುವುದು ಸಲ್ಲದು. ಒಂದೇ ಅಚ್ಚಿನ ಎರಡು ಚಕ್ರಗಳಿಗೆ ಬೇರೆ ಬೇರೆ ಮಾದರಿಯ ಟೈರು ಹಾಕಿಸಲೇಬಾರದು.

2025ರ ಸೆಪ್ಟೆಂಬರ್ 22ರಿಂದ ಹೊಸ ಟೈರುಗಳ ಮೇಲಿನ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿದುದರಿಂದ ಎರಡೂ ವರ್ಗಗಳ ಗ್ರಾಹಕರಿಗೆ ಅನುಕೂಲವಾಗಿದೆ.

ವೇಗದ ಚಾಲನೆ, ಘಟ್ಟದ ತಿರುವುಗಳು, ಮಳೆಗಾಲದ ಹೆದ್ದಾರಿ ಇವು ನಿತ್ಯದ ಮಾತಾದರೆ ಉನ್ನತ ಶ್ರೇಣಿಗೆ ತೆತ್ತ ಹಣ ಸಾರ್ಥಕ. ನಗರದೊಳಗಿನ ಮಿತವಾದ ಓಡಾಟಕ್ಕೆ ಉತ್ತಮ ದರ್ಜೆಯ ಮಧ್ಯಮ ಬೆಲೆಯ ಟೈರು, ಅದೂ ಹೊಸ ತಯಾರಿಕೆಯದು, ಸಾಕಾಗುತ್ತದೆ. ಗ್ರಾಹಕರ ಕಾರಿಗಿಂತ ಮೊದಲು ಅವರ ಓಡಾಟದ ಬಗೆಯನ್ನು ವಿಚಾರಿಸುವ ವರ್ತಕರೇ ಈ ವ್ಯಾಪಾರದಲ್ಲಿ ವಿಶ್ವಾಸ ಗಳಿಸಬಲ್ಲರು.